ಗಂಡ ಫೀಲ್ಡ್‌ನಲ್ಲಿ, ಮನೆ ಊರಲ್ಲಿ: ಸೈನಿಕರ ಮನೆಯವರು ಯಾರ ಬಾಗಿಲು ತಟ್ಟಬೇಕು?

ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಅಂದಿದ್ದಾರೆ. ಪತ್ರ ಉದ್ದ ಇದೆ, ಮುಖ್ಯವಾದದ್ದನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ.

"ಮೇಡಂ, ನಮ್ಮನೆಯವರು ಸೇನೆಯಲ್ಲಿ ನಾಯಕ್. ಹೋದ ವರ್ಷ ಅವರ ಯೂನಿಟ್ ಫೀಲ್ಡ್‌ಗೆ, ಅಂದರೆ ಮನೆಯವರು ಜೊತೆಗಿರಲು ಆಗದ ಕಡೆಗೆ, ಹೋಯಿತು. ಅಲ್ಲಿಯವರೆಗೆ ಕ್ವಾರ್ಟರ್ಸ್‌ನಲ್ಲಿ ಜೊತೆಗಿದ್ದೆವು. ಈಗ ನಾನು, 6 ವರ್ಷದ ಮಗಳು, ಒಂದೂವರೆ ವರ್ಷದ ಮಗ ಊರಿಗೆ ಬಂದು ಅತ್ತೆ ಮಾವನ ಜೊತೆ ಇದ್ದೇವೆ. ಮಾವನಿಗೆ ಹೃದಯದ ತೊಂದರೆ. ಹತ್ತಿರದಲ್ಲಿ ಮಿಲಿಟರಿ ಆಸ್ಪತ್ರೆ ಇಲ್ಲ. ಪಕ್ಕದ ಹೊಲದವರು ನಮ್ಮ ಬದು ಒತ್ತಿದ್ದಾರೆ, ಕೇಳಿದರೆ ಜಗಳಕ್ಕೇ ಬರುತ್ತಾರೆ. ಮಗಳು ರಾತ್ರಿ ಎದ್ದು ಅಳುತ್ತಾಳೆ, ಎರಡು ವರ್ಷದಿಂದ ಇಲ್ಲದ ಅಭ್ಯಾಸ ಶುರುವಾಗಿದೆ, ಹಾಸಿಗೆ ಒದ್ದೆ ಮಾಡುತ್ತಾಳೆ. ಜಿಲ್ಲಾ ಸೈನಿಕ ಕಚೇರಿಗೆ ಹೋಗೋಣ ಅಂದರೆ ಅದು ರಿಟೈರ್ ಆದವರಿಗೆ ಮಾತ್ರ ಅಂತಾರೆ. ಸೈನಿಕರ ಪತ್ನಿಯರ ಸಂಘ ಆವ್ವಾ ಇದೆಯಲ್ಲ, ಅದು ಆಫೀಸರ್‌ಗಳ ಹೆಂಡತಿಯರದ್ದು ಅಂತಾರೆ. ನಾನು ಎಲ್ಲಾದರೂ ಅರ್ಜಿ ಕೊಟ್ಟರೆ ಅವರ ಪ್ರಮೋಷನ್‌ಗೆ ಪೆಟ್ಟು ಬೀಳುತ್ತದೆ ಅಂತಲೂ ಹೇಳಿದರು. ಹಾಗಾಗಿ ಫೋನ್ ಬಂದಾಗ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತೇನೆ. ಮಗನ ಹೆಸರು ಸೇನೆಯ ಡಿಪೆಂಡೆಂಟ್ (ಅವಲಂಬಿತರ) ಕಾರ್ಡಿಗೆ ಇನ್ನೂ ಸೇರಿಲ್ಲ, ಅದನ್ನು ಮುಂದಿನ ರಜೆಯಲ್ಲಿ ಮಾಡಿಸೋಣ ಅಂದಿದ್ದಾರೆ. ಮಗಳು ದಿನಾ ಕೇಳುತ್ತಾಳೆ, ಅಪ್ಪ ಯಾವಾಗ ಬರ್ತಾರೆ ಅಂತ. ಏನು ಹೇಳಲಿ?"

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಮಾವನ ಹೃದಯ ಇದೆ, ಹೊಲದ ಬದು ಇದೆ, ಮಗಳ ಅಳು ಇದೆ. ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು 20 ವರ್ಷಕ್ಕಿಂತ ಜಾಸ್ತಿ ಕಾಲ ಸೈನಿಕರ ಮನೆಯವರ ಜೊತೆ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದ್ದೇನೆ. ಮೊದಲು ಕಂಟೋನ್ಮೆಂಟ್ ಒಳಗೆ, ಆಮೇಲೆ ಹೆಚ್ಚಾಗಿ ಹಳ್ಳಿಗಳಲ್ಲಿ. ಎರಡೂ ಕಡೆ ನೋಡಿದವಳಾಗಿ ಹೇಳುತ್ತೇನೆ, ಕಷ್ಟ ಜಾಸ್ತಿ ಇರುವುದು ಹಳ್ಳಿಯಲ್ಲೇ. ಕ್ವಾರ್ಟರ್ಸ್‌ನಲ್ಲಿ ಇದ್ದಾಗ ನೀವು ಕೇಳದೆಯೇ ಎಷ್ಟೋ ಸಹಾಯ ಸಿಗುತ್ತಿತ್ತು. ಪಕ್ಕದ ಮನೆಯವಳ ಗಂಡನೂ ಅದೇ ಯೂನಿಟ್, ಆಸ್ಪತ್ರೆ ಗೇಟಿನೊಳಗೆ, ಏನಾದರೂ ಆದರೆ ಸುಬೇದಾರ್ ಮೇಜರ್ ಸಾಹೇಬರಿಗೆ ಒಂದು ಫೋನ್. ಊರಿಗೆ ಬಂದ ದಿನ ಅದೆಲ್ಲ ಒಮ್ಮೆಲೇ ಕೈಬಿಟ್ಟುಹೋಗುತ್ತದೆ. ಸವಲತ್ತುಗಳು ರದ್ದಾಗಿರುವುದಿಲ್ಲ. ಆದರೆ ನೀವು ಅಲ್ಲಿದ್ದೀರಿ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಆ ಪ್ರಮೋಷನ್ ಭಯ. ಯಾಕೆಂದರೆ ಅದು ಇರುವ ತನಕ ನಾನು ಹೇಳುವ ಯಾವುದನ್ನೂ ನೀವು ಮಾಡುವುದಿಲ್ಲ.

ಮನೆಯಲ್ಲಿ ಕಷ್ಟ ಇದೆ ಅಂತ ಯೂನಿಟ್‌ಗೆ ತಿಳಿಸಿದರೆ ಪ್ರಮೋಷನ್ ನಿಲ್ಲುವುದಿಲ್ಲ. ಜವಾನನ ಮನೆಯ ತಾಪತ್ರಯ ಕೇಳುವುದು ಕಮಾಂಡಿಂಗ್ ಆಫೀಸರ್ ಅವರ ಕೆಲಸದಲ್ಲೇ ಸೇರಿದೆ. ಅವರು ಜವಾನರನ್ನೆಲ್ಲ ಸೇರಿಸಿ ಮಾತಾಡುವ ಸೈನಿಕ ಸಮ್ಮೇಳನ ನಡೆಸುವುದು ಇಂಥದ್ದಕ್ಕೂ ಹೌದು. ರಜೆಗೆ ಹೋಗುವಾಗ, ಬಂದಾಗ, ಮನೆಯಲ್ಲಿ ಹೇಗಿದೆ ಅಂತ ವಿಚಾರಿಸುವುದೂ ಅದಕ್ಕೇ. ರಾತ್ರಿ ಪೋಸ್ಟ್ ಮೇಲೆ ಬಂದೂಕು ಹಿಡಿದು ನಿಂತವನ ಮನಸ್ಸು ಊರಿನ ಬದುವಿನ ಮೇಲೆ ಇದ್ದರೆ ಅದು ಅವನಿಗೂ ಅಪಾಯ, ಪಕ್ಕದವನಿಗೂ ಅಪಾಯ. ಇದು ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿಂದ? ನಾನು ಕಂಡ ಒಂದು ಮನೆ ಹೇಳುತ್ತೇನೆ. ಹೆಂಡತಿ ನಿಮ್ಮ ಹಾಗೆಯೇ ಎಲ್ಲ ಚೆನ್ನಾಗಿದೆ ಅನ್ನುತ್ತಲೇ ಬಂದಳು. ತನ್ನ ತಾಯಿ ಆಸ್ಪತ್ರೆ ಸೇರಿದ ವಿಷಯ ಗಂಡನಿಗೆ ಗೊತ್ತಾಗಿದ್ದು ಊರಿನ ಗೆಳೆಯನ ಫೋನಿನಿಂದ. ಎಷ್ಟು ದಿನದಿಂದ ಮುಚ್ಚಿಟ್ಟಿದ್ದಾರೋ, ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಅಂತ ತಲೆಕೆಟ್ಟು, ರಜೆ ಕೇಳದೆ ರೈಲು ಹತ್ತಿಬಿಟ್ಟ. ಕೇಳಿದ್ದರೆ ರಜೆ ಸಿಗುತ್ತಿತ್ತು. ಹೇಳದೆ ಬಂದಿದ್ದಕ್ಕೆ ಶಿಕ್ಷೆಯಾಯಿತು, ಸೇವಾ ದಾಖಲೆಯಲ್ಲಿ ರೆಡ್ ಇಂಕ್ ಎಂಟ್ರಿ (ಕೆಂಪು ಶಾಯಿಯ ಶಿಕ್ಷೆಯ ಗುರುತು) ಬಿತ್ತು. ಪ್ರಮೋಷನ್‌ಗೆ ಅಡ್ಡ ಬಂದಿದ್ದು ಅದು. ಊರಲ್ಲಿ ಆಡಿಕೊಂಡಿದ್ದು ಮಾತ್ರ ಮನೆಯ ವಿಷಯ ಹೊರಗೆ ಹೋಗಿ ಹೀಗಾಯಿತು ಅಂತ.

ತೊಂದರೆಯಾಗುವ ದಾರಿಗಳೂ ಇವೆ, ಅದನ್ನೂ ಹೇಳಿಬಿಡುತ್ತೇನೆ. ಯೂನಿಟ್‌ಗೆ ಒಂದು ಮಾತೂ ಹೇಳದೆ ನೇರವಾಗಿ ರಾಜಕಾರಣಿಗಳ ಹತ್ತಿರ ಅಥವಾ ಟಿವಿಯವರ ಹತ್ತಿರ ಹೋಗುವುದು. ಯೂನಿಟ್ ಎಲ್ಲಿದೆ, ಏನು ಮಾಡುತ್ತಿದೆ ಅಂತ ವಾಟ್ಸಾಪ್ ವಿಡಿಯೋದಲ್ಲಿ ಹೇಳಿಕೊಳ್ಳುವುದು. ಸಿಟ್ಟಿನಲ್ಲಿ ಇಲ್ಲದ್ದನ್ನು ಸೇರಿಸಿ ಅರ್ಜಿ ಬರೆಯುವುದು. ಇವು ಬೇಡ. ಉಳಿದಂತೆ, ಇದ್ದದ್ದು ಇದ್ದ ಹಾಗೆ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಯಾರ ಕೆಲಸಕ್ಕೂ ಕುತ್ತು ಬರುವುದಿಲ್ಲ.

ಇನ್ನು ಜಿಲ್ಲಾ ಸೈನಿಕ ಕಚೇರಿ. ನಮ್ಮಲ್ಲಿ ಇದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕೆಳಗೆ ಬರುತ್ತದೆ. ರಿಟೈರ್ ಆದವರಿಗೆ ಮಾತ್ರ ಅನ್ನುವುದು ಅರ್ಧ ನಿಜ, ಅರ್ಧ ಸುಳ್ಳು. ದುಡ್ಡಿನ ಸಹಾಯ ಅಂತ ಕೇಳಿಬರುವ ಯೋಜನೆಗಳು ಹೆಚ್ಚಾಗಿ ಮಾಜಿ ಸೈನಿಕರಿಗೆ, ಸೈನಿಕರ ವಿಧವೆಯರಿಗೆ ಅಂತಲೇ ಇವೆ. ಉದಾಹರಣೆಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆಯಲ್ಲ, ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ, ಅದು ಈಗ ಸೇವೆಯಲ್ಲಿ ಇರುವವರ ಮಕ್ಕಳಿಗೆ ಇಲ್ಲ. ಯಾರೋ ಸೇವೆಯಲ್ಲಿ ಇರುವವರ ಹೆಂಡತಿ ಇಂಥದ್ದನ್ನು ಕೇಳಲು ಹೋಗಿರುತ್ತಾರೆ, ನಿಮಗಲ್ಲ ಅಂದಿರುತ್ತಾರೆ, ಆ ಮಾತೇ ಊರೆಲ್ಲ ಹರಡಿರುತ್ತದೆ.

ಆದರೆ ಸೇವೆಯಲ್ಲಿರುವ ಸೈನಿಕ ಮನೆಯಿಂದ ದೂರ ಇರುವಾಗ ಅವನ ಕುಟುಂಬದ ಹಿತ ನೋಡುವುದು ಕೂಡ ಆ ಕಚೇರಿಯ ಕೆಲಸವೇ. ಅಲ್ಲಿ ಕುಳಿತಿರುವವರು ಸಾಮಾನ್ಯವಾಗಿ ಸೇನೆಯಿಂದಲೇ ಬಂದವರು. ಅದಕ್ಕಿಂತ ಮುಖ್ಯ ಏನೆಂದರೆ ಜಿಲ್ಲಾ ಸೈನಿಕ ಮಂಡಳಿಗೆ ಅಧ್ಯಕ್ಷರು ನಿಮ್ಮ ಜಿಲ್ಲಾಧಿಕಾರಿಗಳೇ. ಹೊಲ, ಪಹಣಿ, ಸರ್ವೆ, ತಹಶೀಲ್ದಾರ್, ಎಲ್ಲವೂ ಜಿಲ್ಲಾಧಿಕಾರಿಗಳ ಕೈಕೆಳಗೆ ಬರುತ್ತವೆ ಅಲ್ವಾ? ನಿಮ್ಮ ಬದುವಿನ ತಂಟೆಗೆ ಈ ದಾರಿ ಸರಿಯಾಗಿ ಹೊಂದುತ್ತದೆ.

ಬದುವಿನ ವಿಷಯಕ್ಕೆ ಬಂದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಫೀಲ್ಡ್‌ನಲ್ಲಿ ಇರುವವರ ಮನೆಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ದೂರು ಇದೇ. ಮನೆಯಲ್ಲಿ ಗಟ್ಟಿ ಗಂಡಸು ಇಲ್ಲ ಅಂತ ಗೊತ್ತಾದ ಮೇಲೆ ಪ್ರತಿ ಉಳುಮೆಗೂ ಬದು ಒಂದೊಂದು ಅಡಿ ಸರಿಯುತ್ತದೆ.

ಮೊದಲು ಪಹಣಿ ತೆಗೆಸಿ ನೋಡಿ. ಹೊಲ ಯಾರ ಹೆಸರಲ್ಲಿದೆ? ನಿಮ್ಮ ಮಾವನ ಹೆಸರಲ್ಲಿದ್ದರೆ ಒಂದು ದಾರಿ, ನಿಮ್ಮ ಯಜಮಾನರ ಹೆಸರಲ್ಲಿದ್ದರೆ ಇನ್ನೊಂದು ದಾರಿ. ಇದನ್ನು ನೋಡದೆಯೇ ಎಷ್ಟೋ ಜನ ಸೈನಿಕನ ಹೊಲ ಅಂತ ಅರ್ಜಿ ಬರೆದು ತಿಂಗಳುಗಟ್ಟಲೆ ಅಲೆದಿದ್ದಾರೆ.

ಎರಡರಲ್ಲೂ ಮೊದಲ ಹೆಜ್ಜೆ ಹದ್ದುಬಸ್ತಿಗೆ ಅರ್ಜಿ. ಯಾರ ಹೆಸರಲ್ಲಿ ಪಹಣಿ ಇದೆಯೋ ಅವರ ಅರ್ಜಿ. ಸರ್ವೆಯವರು ಬಂದು ಅಳೆದು ಗಡಿ ಗುರುತಿಸುತ್ತಾರೆ, ಪಕ್ಕದ ಹೊಲದವರಿಗೂ ನೋಟಿಸ್ ಹೋಗುತ್ತದೆ. ಅಳತೆಯ ದಿನ ನೀವು ಒಬ್ಬರೇ ನಿಲ್ಲಬೇಡಿ. ಊರಿನ ಇಬ್ಬರು ಹಿರಿಯರು, ಸಾಧ್ಯವಾದರೆ ಒಬ್ಬ ಮಾಜಿ ಸೈನಿಕರು ಜೊತೆಗಿರಲಿ. ಅಳತೆಗೆ ಮುಂಚೆ ಕಲ್ಲು ಕೀಳುವುದು, ಬದು ಹಾಕುವುದು, ಬೈದಾಡುವುದು ಬೇಡ. ಅವರು ತಿರುಗಿ ನಿಮ್ಮ ಮೇಲೇ ಪೊಲೀಸ್ ದೂರು ಕೊಟ್ಟರೆ ಬದುವಿನ ಪ್ರಶ್ನೆ ಮೂಲೆಗೆ ಸೇರಿ ಹೊಡೆದಾಟದ ಪ್ರಶ್ನೆ ಮುಂದೆ ಬರುತ್ತದೆ.

ಇದರ ಜೊತೆಗೆ ನಿಮ್ಮ ಯಜಮಾನರು ಅಲ್ಲಿಂದ ಮಾಡಬಹುದಾದ ಕೆಲಸ ಒಂದಿದೆ. ಊರಿನ ಇಂಥ ತೊಂದರೆಗಳನ್ನು ಸಿವಿಲ್ ಅಧಿಕಾರಿಗಳಿಗೆ ತಲುಪಿಸಲು ಸೇನೆಯಲ್ಲಿ ಒಂದು ಫಾರಂ ಇದೆ, ಐಎಎಫ್‌ಡಿ-903 ಅಂತ. ಅದನ್ನು ತುಂಬಿ ಕೊಟ್ಟರೆ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾ ಆಡಳಿತಕ್ಕೆ ಬರುತ್ತದೆ. ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ನೀವು ಸೈನಿಕ ಕಚೇರಿಗೆ ಹೋದಾಗ ಅದನ್ನು ತೋರಿಸಿದರೆ ಮಾತು ಬೇಗ ಮುಂದೆ ಹೋಗುತ್ತದೆ. ಇಲ್ಲಿಂದ ಒಂದು ಅರ್ಜಿ, ಅಲ್ಲಿಂದ ಒಂದು ಪತ್ರ, ಎರಡೂ ಒಂದೇ ಟೇಬಲ್ ಮೇಲೆ ಸೇರಬೇಕು.

ಒಂದು ವೇಳೆ ವಿಷಯ ಕೋರ್ಟಿಗೆ ಹೋದರೆ, ಮತ್ತು ಹೊಲ ಅವರ ಹೆಸರಲ್ಲಿದ್ದರೆ, ಕಾನೂನು ಸೈನಿಕನ ಪರವಾಗಿ ಕೆಲವು ರಕ್ಷಣೆ ಕೊಟ್ಟಿದೆ. 1925ರ ಭಾರತೀಯ ಸೈನಿಕರ ದಾವೆ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಫೀಲ್ಡ್‌ನಂಥ ವಿಶೇಷ ಪರಿಸ್ಥಿತಿಯಲ್ಲಿ ಇರುವ ಸೈನಿಕ ಹಾಜರಾಗಲು ಆಗುತ್ತಿಲ್ಲ ಅಂತ ಅಧಿಕಾರಿಗಳ ಪ್ರಮಾಣಪತ್ರ ಬಂದರೆ ಕೋರ್ಟು ಕೇಸನ್ನು ತಡೆಹಿಡಿಯಬೇಕು, ಅವನಿಲ್ಲದಾಗ ಏಕಪಕ್ಷೀಯವಾಗಿ ತೀರ್ಪು ಆಗದಂತೆ ಇದು ಕಾಯುತ್ತದೆ. 1950ರ ಸೇನಾ ಕಾಯ್ದೆಯ 32ನೇ ಕಲಂ ಪ್ರಕಾರ, ಸೈನಿಕ ರಜೆಯಲ್ಲಿ ಬಂದಾಗ ರಜೆಯ ಪ್ರಮಾಣಪತ್ರ ಹಾಜರುಪಡಿಸಿ, ನನ್ನ ಕೇಸು ಈ ರಜೆಯೊಳಗೇ ಕೇಳಿ ಅಂತ ಕೋರಬಹುದು. ರಜೆಯೇ ಸಿಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಆದೇಶದಲ್ಲಿ ಇನ್ನೊಂದು ದಾರಿ ಇದೆ. ಕಮಾಂಡಿಂಗ್ ಆಫೀಸರ್ ಎದುರು ಸಹಿ ಮಾಡಿದ ಪತ್ರದ ಮೂಲಕ ತನ್ನ ಪರವಾಗಿ ದಾವೆ ನಡೆಸಲು ಯಾರನ್ನಾದರೂ ನೇಮಿಸಬಹುದು. ಅದು ನೀವೇ ಆಗಬಹುದು. ಊರಿನ ಯಾವುದೋ ನೆಂಟರು ಎಲ್ಲದಕ್ಕೂ ನನಗೇ ಜಿಪಿಎ (ಎಲ್ಲ ಅಧಿಕಾರ ಕೊಡುವ ಪತ್ರ) ಬರೆದುಕೊಡಿ, ನಾನು ನೋಡಿಕೊಳ್ಳುತ್ತೇನೆ ಅಂದರೆ ಒಪ್ಪಬೇಡಿ. ಕೇಸು ನಡೆಸುವ ಅಧಿಕಾರ ಬೇರೆ, ಹೊಲ ಮಾರುವ ಅಧಿಕಾರ ಬೇರೆ.

ಹೊಲ ಮಾವನ ಹೆಸರಲ್ಲಿದ್ದರೆ ಕೋರ್ಟಿನ ಈ ರಕ್ಷಣೆಗಳು ಅನ್ವಯಿಸುವುದಿಲ್ಲ, ಏಕೆಂದರೆ ಕೇಸಿನಲ್ಲಿ ಪಕ್ಷಗಾರ ಸೈನಿಕನಲ್ಲ. ಆಗ ಹದ್ದುಬಸ್ತು, ಜಿಲ್ಲಾಡಳಿತದ ದಾರಿ, ಕಾನೂನು ನೆರವು, ಇಷ್ಟರಲ್ಲೇ ನಡೆಯಬೇಕು. ಕಾನೂನು ನೆರವು ನಿಮಗೆ ಉಚಿತ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಹಕ್ಕಿದೆ. ಅದರ ಮೇಲೆ 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದ ದಿನ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕರ ಕುಟುಂಬಗಳಿಗಾಗಿಯೇ ವೀರ ಪರಿವಾರ ಸಹಾಯತಾ ಯೋಜನೆ ಶುರುಮಾಡಿದೆ. ಸೈನಿಕ ಮಂಡಳಿ ಕಚೇರಿಗಳಲ್ಲೇ ಕಾನೂನು ನೆರವು ಕೇಂದ್ರ ಇಡಬೇಕು ಅನ್ನುವುದು ಅದರ ಉದ್ದೇಶ. ನಿಮ್ಮ ಜಿಲ್ಲೆಯ ಕಚೇರಿಯಲ್ಲಿ ವಕೀಲರು ಯಾವ ದಿನ ಬರುತ್ತಾರೆ ಅಂತ ಕೇಳಿಕೊಂಡು ಆ ದಿನವೇ ಹೋಗಿ. ಸುಮ್ನೆ ಎರಡು ಸಲ ಬಸ್ಸು ಹತ್ತುವುದು ತಪ್ಪುತ್ತದೆ.

ಆವ್ವಾ ವಿಷಯ ಬೇಗ ಮುಗಿಸುತ್ತೇನೆ. 1966ರಲ್ಲಿ ಶುರುವಾದ ಸಂಸ್ಥೆ. ಸೇನಾ ಮುಖ್ಯಸ್ಥರ ಪತ್ನಿ ಅದರ ಅಧ್ಯಕ್ಷೆ, ಯೂನಿಟ್‌ನಲ್ಲಿ ಸಿಓ (ಕಮಾಂಡಿಂಗ್ ಆಫೀಸರ್) ಸಾಹೇಬರ ಪತ್ನಿ ಮುಂದೆ ನಿಲ್ಲುತ್ತಾರೆ, ಹಾಗಾಗಿ ಅದು ಆಫೀಸರ್ ಮನೆಯವರದ್ದು ಅಂತ ಕಾಣುತ್ತದೆ. ಆದರೆ ಅದು ಇರುವುದು ಎಲ್ಲ ರ‍್ಯಾಂಕಿನವರ ಮನೆಯವರಿಗಾಗಿ. ನೀವು ಕ್ವಾರ್ಟರ್ಸ್‌ನಲ್ಲಿ ಇದ್ದಾಗ ವೆಲ್‌ಫೇರ್ ಮೀಟ್‌ಗೆ ಹೋಗಿರುತ್ತೀರಿ, ಅದರದ್ದೇ ಕೆಲಸ. ವಿಶೇಷ ಅಗತ್ಯ ಇರುವ ಮಕ್ಕಳಿಗೆ ಆಶಾ ಶಾಲೆಗಳನ್ನು ನಡೆಸುವುದೂ ಇವರೇ. ಇದರ ಮಿತಿ ಬೇರೆ ಕಡೆ ಇದೆ. ಅದು ಕಂಟೋನ್ಮೆಂಟ್ ಇರುವ ಕಡೆ ಗಟ್ಟಿ, ಹಳ್ಳಿಗೆ ತಲುಪುವುದು ಕಡಿಮೆ. ನಿಮ್ಮ ಹಳೆಯ ವೆಲ್‌ಫೇರ್ ಗುಂಪಿನಲ್ಲಿ ಪರಿಚಯ ಇದ್ದ ಒಬ್ಬಿಬ್ಬರ ನಂಬರ್ ಇರಬೇಕಲ್ಲ? ಅವರಿಗೆ ಫೋನ್ ಮಾಡಿ, ಯೂನಿಟ್‌ನ ರಿಯರ್ ಪಾರ್ಟಿ (ಫೀಲ್ಡ್‌ಗೆ ಹೋಗದೆ ಹಿಂದೆ ಉಳಿದ ತುಕಡಿ) ಎಲ್ಲಿದೆ, ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ಗಂಡನ ಫೋನ್ ಸಿಗದ ದಿನ ನಿಮಗೆ ಬೇಕಾಗುವುದು ಆ ನಂಬರೇ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ಹುಟ್ಟಿಸಿದ ಸಾಲು ಯಾವುದು ಗೊತ್ತಾ? ಮಗನ ಹೆಸರು ಮುಂದಿನ ರಜೆಯಲ್ಲಿ ಮಾಡಿಸೋಣ ಅಂದಿರುವುದು.

ಸೇನೆಯ ಎಲ್ಲ ಸವಲತ್ತೂ ಒಂದು ದಾಖಲೆಯ ಮೇಲೆ ನಿಂತಿದೆ, ಪಾರ್ಟ್ ಟು ಆರ್ಡರ್. ಮದುವೆ ಆದದ್ದು, ಮಗು ಹುಟ್ಟಿದ್ದು ಅದರಲ್ಲಿ ಪ್ರಕಟವಾಗಿ ರೆಕಾರ್ಡ್ ಆಫೀಸಿಗೆ ಹೋದರೆ ಮಾತ್ರ ಸೇನೆಯ ಲೆಕ್ಕದಲ್ಲಿ ಅದು ಆದ ಹಾಗೆ. ಮಗನ ಡಿಪೆಂಡೆಂಟ್ ಕಾರ್ಡ್, ಆಸ್ಪತ್ರೆ, ಶಾಲೆಯ ಭತ್ಯೆ, ಮುಂದೆ ಏನೇ ಆದರೂ ಅವನ ಪಾಲಿನ ಹಕ್ಕು, ಎಲ್ಲ ಅದರ ಮೇಲೇ. ಇದಕ್ಕೆ ರಜೆ ಬೇಕಿಲ್ಲ. ಜನನ ಪ್ರಮಾಣಪತ್ರ ನೀವು ಇಲ್ಲಿಂದ ಕಳಿಸಿದರೆ ಅವರು ಅಲ್ಲೇ ಯೂನಿಟ್ ಕಚೇರಿಯಲ್ಲಿ ಮಾಡಿಸಬಹುದು. ಈಗಾಗಲೇ ಒಂದೂವರೆ ವರ್ಷ ಆಗಿದೆ, ತಡ ಯಾಕಾಯಿತು ಅಂತ ಕೇಳುತ್ತಾರೆ, ಹೇಳಿದರಾಯಿತು. ಇನ್ನೂ ತಡ ಮಾಡಬೇಡಿ.

ಹಾಗೆಯೇ ನಿಮ್ಮ ಹೆಸರನ್ನೂ ನೋಡಿಕೊಳ್ಳಿ. ಆಧಾರ್‌ನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಪಾರ್ಟ್ ಟು ಆರ್ಡರ್‌ನಲ್ಲಿ ಇನ್ನೊಂದು. ನಮ್ಮ ಕಡೆ ಮದುವೆಯಾದ ಮೇಲೆ ಹೆಸರೇ ಬದಲಾಗುವ ಮನೆಗಳೂ ಇವೆ. ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ತಾನು ಅವನ ಹೆಂಡತಿಯೇ ಅಂತ ಸಾಬೀತು ಮಾಡಲು ಮೂರು ವರ್ಷ ಅಲೆದಿದ್ದನ್ನು ನಾನು ಜೊತೆಗಿದ್ದು ನೋಡಿದ್ದೇನೆ. ಹೆಸರಿನ ಒಂದೇ ಒಂದು ಅಕ್ಷರದ ವ್ಯತ್ಯಾಸ ಅಷ್ಟೇ. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ. ಗಂಡ ಸೇವೆಯಲ್ಲಿರುವಾಗ ಒಂದು ಅಫಿಡವಿಟ್‌ನಿಂದ ಶುರುವಾಗಿ ಕೆಲವು ತಿಂಗಳಲ್ಲಿ ಸರಿಹೋಗುವ ಕೆಲಸ ಅದು. ಗ್ರೂಪ್ ಇನ್ಶೂರೆನ್ಸ್, ಪಿಎಫ್ ನಾಮಿನಿಯಲ್ಲಿ ಯಾರ ಹೆಸರಿದೆ ಅಂತಲೂ ಕೇಳಿ. ಮದುವೆಗೆ ಮುಂಚೆ ತಾಯಿಯ ಹೆಸರು ಕೊಟ್ಟಿದ್ದು ಹಾಗೇ ಉಳಿದಿರುತ್ತದೆ ಎಷ್ಟೋ ಸಲ. ಇದನ್ನು ಕೇಳಿದರೆ ಅಪಶಕುನ ಅಂತ ಅತ್ತೆ ಬೇಜಾರು ಮಾಡಿಕೊಳ್ಳಬಹುದು. ಹಾಗಾದರೆ ನೀವು ಕೇಳಬೇಡಿ, ನಿಮ್ಮ ಯಜಮಾನರೇ ಅಮ್ಮನ ಹತ್ತಿರ ಮಾತಾಡಲಿ.

ಮಾವನ ಚಿಕಿತ್ಸೆ. ಇಸಿಎಚ್‌ಎಸ್ ಮಾಡಿಸಿ ಅಂತ ಯಾರಾದರೂ ಹೇಳಿದ್ದರೆ ಅದು ನಿಮಗೆ ಈಗ ಬರುವುದಿಲ್ಲ. 2003ರಲ್ಲಿ ಶುರುವಾದ ಆ ಆರೋಗ್ಯ ಯೋಜನೆ ನಿವೃತ್ತರಿಗೆ. ಸೇವೆಯಲ್ಲಿ ಇರುವವರ ಮನೆಯವರಿಗೆ ಮಿಲಿಟರಿ ಆಸ್ಪತ್ರೆ. ಬೆಳಗಾವಿಯಲ್ಲಿ ಇದೆ, ಕಾರವಾರದಲ್ಲಿ ನೌಕಾಪಡೆಯ ಪತಂಜಲಿ ಆಸ್ಪತ್ರೆ ಇದೆ, ದೊಡ್ಡ ಚಿಕಿತ್ಸೆಗಳಿಗೆ ಬೆಂಗಳೂರಿನ ಕಮಾಂಡ್ ಆಸ್ಪತ್ರೆ. ಆದರೆ ಮಾವ ಅವಲಂಬಿತರು ಅಂತ ಸೇನೆಯ ದಾಖಲೆಯಲ್ಲಿ ಇರಬೇಕು. ಅದಕ್ಕೆ ಆದಾಯದ ಮಿತಿ ಇದೆ, ಹೊಲದ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಕಾರ್ಡ್ ಇದೆಯಾ ಅಂತ ಮೊದಲು ನೋಡಿ.

ಕಾರ್ಡ್ ಇದ್ದರೆ, ಮಾವ ಆರಾಮಾಗಿ ಇರುವಾಗಲೇ ಒಂದು ಸಲ ಮಿಲಿಟರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೃದಯ ತಜ್ಞರಿಗೆ ತೋರಿಸಿ, ಅಲ್ಲಿ ಅವರ ಕಾಗದ ಪತ್ರ ಆಗಲಿ. ಪ್ರಯಾಣ ದೂರವೇ, ಆದರೆ ಅಲ್ಲಿ ಒಂದು ಸಲ ಫೈಲ್ ಇದ್ದರೆ ಮುಂದಿನದು ಎಷ್ಟೋ ಸಲೀಸು. ಎದೆನೋವು ಬಂದ ರಾತ್ರಿ ಮಾತ್ರ ಇದ್ಯಾವುದೂ ನೆನಪಿಗೆ ಬರಬಾರದು. ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ, ಹೊರಡಿ. ಅಲ್ಲಿ ಸೇರಿಸಿದ ಮೇಲೆ, ಅದೇ ದಿನ, ಹತ್ತಿರದ ಮಿಲಿಟರಿ ಆಸ್ಪತ್ರೆಗೂ ಯೂನಿಟ್‌ಗೂ ತಿಳಿಸಿ. ಇದು ತುರ್ತು ಪರಿಸ್ಥಿತಿ ಅಂತ ವೈದ್ಯರಿಂದ ಬರೆಸಿಕೊಳ್ಳಿ, ಬಿಲ್‌ಗಳ ಮೂಲ ಪ್ರತಿ ಕಾಪಾಡಿಕೊಳ್ಳಿ. ಆಮೇಲೆ ಹಣ ವಾಪಸ್ ಕೇಳಬಹುದು. ಸರ್ಕಾರ ಗೊತ್ತುಮಾಡಿದ ದರದಷ್ಟೇ ಬರುತ್ತದೆ, ಖಾಸಗಿ ಆಸ್ಪತ್ರೆಯ ಪೂರ್ತಿ ಬಿಲ್ ಬರುವುದಿಲ್ಲ, ಅದಕ್ಕೆ ಕೈಯಲ್ಲಿ ಸ್ವಲ್ಪ ಹಣ ಬೇರೆ ಇಟ್ಟಿರಿ.

ಊರಲ್ಲೇ ಇರಬೇಕಾ ಅನ್ನುವ ಪ್ರಶ್ನೆ ನೀವು ಕೇಳಿಲ್ಲ, ಆದರೆ ಪತ್ರದ ಒಳಗೆ ಅದು ಇದೆ ಅನ್ನಿಸಿತು. ಗಂಡ ಫೀಲ್ಡ್‌ನಲ್ಲಿ ಇರುವ ಕುಟುಂಬಗಳಿಗೆ ಅಂತಲೇ ಕೆಲವು ಸ್ಟೇಷನ್‌ಗಳಲ್ಲಿ ಎಸ್‌ಎಫ್‌ಎ ಕ್ವಾರ್ಟರ್ಸ್ ಇರುತ್ತವೆ. ಆಸ್ಪತ್ರೆ ಹತ್ತಿರ, ಶಾಲೆ ಹತ್ತಿರ, ನಿಮ್ಮಂಥವರೇ ಅಕ್ಕಪಕ್ಕ. ಕೇಂದ್ರೀಯ ವಿದ್ಯಾಲಯದಲ್ಲಿ ಸೈನಿಕರ ಮಕ್ಕಳಿಗೆ ಮೊದಲ ಆದ್ಯತೆ ಇದೆ. ಆದರೆ ಈ ಮನೆಗಳಿಗೆ ಕಾಯುವ ಪಟ್ಟಿ ಉದ್ದ ಇರುತ್ತದೆ, ಮನೆ ಸಿಕ್ಕರೆ ಮನೆಬಾಡಿಗೆ ಭತ್ಯೆ ನಿಲ್ಲುತ್ತದೆ, ಮತ್ತೆ ಹೃದಯದ ತೊಂದರೆ ಇರುವ ಮಾವ, ಅತ್ತೆ ಊರಲ್ಲಿ ಒಂಟಿಯಾಗುತ್ತಾರೆ. ಅವರನ್ನೂ ಕರೆದುಕೊಂಡು ಹೋದರೆ ಹೊಲ ಒಂಟಿ. ನನಗೆ ಕೇಳಿದರೆ, ಹದ್ದುಬಸ್ತು ಆಗುವ ತನಕ ಊರು ಬಿಡಬೇಡಿ, ಆದರೆ ಎಸ್‌ಎಫ್‌ಎಗೆ ಅರ್ಜಿ ಈಗಲೇ ಹಾಕಿಸಿಡಿ. ಮನೆ ಬಂದಾಗ ಬೇಡ ಅನ್ನಲೂ ಬಹುದು. ಎಲ್ಲೇ ಇದ್ದರೂ ಮಗಳ ಶಾಲೆಗೆ ಮಕ್ಕಳ ಶಿಕ್ಷಣ ಭತ್ಯೆ ಬರುತ್ತದೆ. 2024ರ ಜನವರಿಯಿಂದ ಅದು ತಿಂಗಳಿಗೆ 2,812 ರೂಪಾಯಿ 50 ಪೈಸೆ. ಶಾಲೆಯಿಂದ ಒಂದು ಪ್ರಮಾಣಪತ್ರ ಪಡೆದು ಕಳಿಸಿದರೆ ಸಾಕು. ಹಳ್ಳಿ ಶಾಲೆಗೆ ಬರುವುದಿಲ್ಲ ಅಂತ ಎಷ್ಟೋ ಜನ ಬಿಟ್ಟಿರುತ್ತಾರೆ. ಮಾನ್ಯತೆ ಇರುವ ಶಾಲೆಯಾದರೆ ಬರುತ್ತದೆ.

ನಿಮ್ಮ ಯಜಮಾನರನ್ನೇ ಹತ್ತಿರಕ್ಕೆ ವರ್ಗ ಮಾಡಿಸಿಕೊಳ್ಳುವ ಕಂಪ್ಯಾಷನೇಟ್ ಪೋಸ್ಟಿಂಗ್ ಅಂತಲೂ ಒಂದಿದೆ. ಅದು ನಿಜವಾಗಿ ಬೇರೆ ದಾರಿಯೇ ಇಲ್ಲದವರಿಗೆ. ನಿಮ್ಮ ಸ್ಥಿತಿ ಅಲ್ಲಿಗೆ ಬಂದಿಲ್ಲ, ಅದನ್ನು ಈಗ ಬಳಸಬೇಡಿ.

ಈಗ ಮಗಳು. ಹಾಸಿಗೆ ಒದ್ದೆ ಮಾಡುವುದು ನಿಂತು ಎರಡು ವರ್ಷದ ಮೇಲೆ ಮತ್ತೆ ಶುರುವಾಗಿದೆ ಅಂದಿದ್ದೀರಿ. ಇದು ಅವಳ ಹಠವಲ್ಲ, ಸೋಮಾರಿತನವಲ್ಲ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿ. ಸೋಂಕು, ಮಲಬದ್ಧತೆ, ಅಪರೂಪಕ್ಕೆ ಸಕ್ಕರೆ ಕಾಯಿಲೆ ಕೂಡ ಹೀಗೆ ಕಾಣಿಸಿಕೊಳ್ಳುತ್ತವೆ. ಅವು ಇಲ್ಲ ಅಂದರೆ ಮನಸ್ಸಿನ ಭಾರ ಅಂತ ತಿಳಿಯಿರಿ. ಒಂದೇ ವರ್ಷದಲ್ಲಿ ಅವಳ ಅಪ್ಪ, ಮನೆ, ಶಾಲೆ, ಗೆಳತಿಯರು ಎಲ್ಲ ಹೋಗಿದ್ದಾರೆ. ದೊಡ್ಡವರಿಗೇ ಇದು ಜಾಸ್ತಿ. ಬೆಳಗ್ಗೆ ಬೈಯಬೇಡಿ, ಬೇರೆಯವರ ಎದುರು ಹೇಳಬೇಡಿ, ಸದ್ದಿಲ್ಲದೆ ಬಟ್ಟೆ ಬದಲಿಸಿ. ಅಜ್ಜಿಗೂ ಇದನ್ನು ಹೇಳಿಡಿ.

ಮನೆಯಲ್ಲಿ ಸುದ್ದಿ ಚಾನೆಲ್ ಹಾಕುವುದು ನಿಲ್ಲಿಸಿ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಬಿಸಿ ಏರಿದ್ದಾಗ ನನಗೆ ಬಂದ ಫೋನ್‌ಗಳಲ್ಲಿ ಮಕ್ಕಳದ್ದೇ ಜಾಸ್ತಿ ಗೋಳು. ಟಿವಿಯಲ್ಲಿ ಒಂದೇ ಬಾಂಬನ್ನು ನೂರು ಸಲ ತೋರಿಸಿದರೆ ಮಗುವಿನ ಲೆಕ್ಕದಲ್ಲಿ ಅದು ನೂರು ಬಾಂಬು. ಅಪ್ಪನ ಫೋನಿಗೆ ಕಾಯಿಸಿ ಕೂರಿಸಬೇಡಿ, ಸಿಗ್ನಲ್ ಇಲ್ಲದ ದಿನ ಅವಳು ಮುರಿದುಹೋಗುತ್ತಾಳೆ. ಅವರಿಗೆ ಹೇಳಿ, ಸಿಗ್ನಲ್ ಸಿಕ್ಕಾಗ ಮಗಳಿಗೆ ಅಂತಲೇ ಸಣ್ಣ ಧ್ವನಿ ಸಂದೇಶ ಕಳಿಸಲಿ. ಒಂದು ಕಥೆ, ಇಲ್ಲ ಮಲಗು ಪುಟ್ಟಿ ಅನ್ನುವ ಒಂದು ಮಾತು. ಮಲಗುವ ಮುಂಚೆ ಅದನ್ನು ಹಾಕಿ. ಮತ್ತೆ ಅವರು ರಜೆಗೆ ಬಂದ ಮೊದಲ ವಾರ ಅವಳು ಹತ್ತಿರ ಹೋಗದಿದ್ದರೆ ಗಾಬರಿ ಬೇಡ, ಬಲವಂತ ಬೇಡ. ಚಿಕ್ಕವನಂತೂ ಗುರುತೇ ಹಿಡಿಯದೆ ಅಳಬಹುದು. ಅದು ಅಪ್ಪನಿಗೆ ತುಂಬಾ ನೋವು ಕೊಡುತ್ತದೆ, ಮುಂಚೆಯೇ ಹೇಳಿಡಿ.

ಈಗ ನಿಮ್ಮ ಬಗ್ಗೆ. ನಿದ್ದೆ ಬರುತ್ತಿದೆಯಾ? ಊಟ ಸೇರುತ್ತದೆಯಾ? ಕೊನೆಯ ಸಲ ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದಿರಿ? ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸೈನಿಕರು ಮತ್ತು ಅವರ ಮನೆಯವರಿಗಾಗಿಯೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಇದರ ಒಂದು ವಿಶೇಷ ಘಟಕವೂ ಶುರುವಾಯಿತು. ನೀವು ಫೋನ್ ಮಾಡಿದ್ದು ಯೂನಿಟ್‌ಗೆ ಗೊತ್ತಾಗುತ್ತದೆ ಅಂತ ಹೆದರಬೇಡಿ, ಹೆಸರು ಹೇಳದೆಯೂ ಮಾತಾಡಬಹುದು.

ಫೋನಿಗಿಂತ ಹತ್ತಿರದವರೂ ಬೇಕು. ನಿಮ್ಮ ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ಮಾಜಿ ಸೈನಿಕರ ಸಂಘ ಇರುತ್ತದೆ. ಅಲ್ಲಿನ ಯಾರಾದರೊಬ್ಬರ ಹೆಂಡತಿಯನ್ನು ಹುಡುಕಿಕೊಂಡು ಹೋಗಿ. 60 ದಿನದ ವಾರ್ಷಿಕ ರಜೆ, 30 ದಿನದ ಕ್ಯಾಶುಯಲ್ ರಜೆ, ಉಳಿದ ದಿನ ಒಬ್ಬಳೇ ಸಂಸಾರ ಅನ್ನುವ ಲೆಕ್ಕದಲ್ಲಿ ಅವರೂ 17, 20 ವರ್ಷ ಬಾಳಿದವರು. ನಾನು ಪುಟಗಟ್ಟಲೆ ಬರೆದಿದ್ದಕ್ಕಿಂತ ಅವರ ಜೊತೆ ಒಂದು ಸಂಜೆ ಕೂತರೆ ನಿಮಗೆ ಜಾಸ್ತಿ ಧೈರ್ಯ ಬರಬಹುದು. ಸೈನಿಕ ಕಚೇರಿಗೆ ಹೋಗುವಾಗಲೂ ಅವರನ್ನೇ ಜೊತೆಗೆ ಕರೆಯಿರಿ. ಪಹಣಿ, ನಿಮ್ಮ ಡಿಪೆಂಡೆಂಟ್ ಕಾರ್ಡ್, ಗಂಡನ ಸೇನಾ ನಂಬರ್, ರ‍್ಯಾಂಕ್, ಯೂನಿಟ್ ಹೆಸರು ಬರೆದ ಚೀಟಿ, ಒಂದು ಹಾಳೆಯ ಅರ್ಜಿ, ಇಷ್ಟು ಸಾಕು. ಅರ್ಜಿ ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ. ಯಾರಾದರೂ ಫೋನ್ ಮಾಡಿ ನಿಮಗೆ ಸೇನೆಯಿಂದ ಸಹಾಯಧನ ಬಂದಿದೆ, ಒಟಿಪಿ ಹೇಳಿ ಅಂದರೆ ಕೂಡಲೇ ಇಟ್ಟುಬಿಡಿ, ಅದು ಮೋಸ.

ಇವತ್ತು ರಾತ್ರಿ ಅಥವಾ ನಾಳೆ ಅವರ ಫೋನ್ ಬಂದಾಗ ಎಲ್ಲ ಚೆನ್ನಾಗಿದೆ ಅನ್ನಬೇಡಿ. ಅಳುತ್ತಾ ಹೇಳಬೇಕಿಲ್ಲ. ಅಪ್ಪಾಜಿಗೆ ಹೀಗಿದೆ, ವೈದ್ಯರು ಹೀಗೆ ಹೇಳಿದ್ದಾರೆ, ನಾನು ಇದನ್ನು ಮಾಡುತ್ತಿದ್ದೇನೆ, ನೀವು ಅಲ್ಲಿಂದ ಆ ಫಾರಂ ತುಂಬಿ ಕೊಡಿ, ಮಗನ ಜನನ ಪ್ರಮಾಣಪತ್ರ ಕಳಿಸಿದ್ದೇನೆ ನೋಡಿ. ಹೀಗೆ. ಮಾಡಲು ಒಂದು ಕೆಲಸ ಕೈಯಲ್ಲಿದ್ದರೆ ದೂರದಲ್ಲಿ ಇರುವ ಮನುಷ್ಯನಿಗೆ ಚಡಪಡಿಕೆ ಕಡಿಮೆಯಾಗುತ್ತದೆ.

ಮಗಳ ಪ್ರಶ್ನೆಗೆ ಏನು ಹೇಳಲಿ ಅಂದಿರಿ. ನಾಳೆ ಬರ್ತಾರೆ, ಬೇಗ ಬರ್ತಾರೆ ಅನ್ನಬೇಡಿ. 6 ವರ್ಷದವರಿಗೆ ನಾಳೆ ಅಂದರೆ ನಾಳೆಯೇ. "ನಂಗೂ ದಿನ ಗೊತ್ತಿಲ್ಲ ಪುಟ್ಟಿ. ರಜೆ ಸಿಕ್ಕಿದ್ದು ಗೊತ್ತಾದ ದಿನ ಮೊದಲು ನಿನಗೇ ಹೇಳ್ತೀನಿ" ಅನ್ನಿ. ಆಮೇಲೆ ಅವಳು ಅಪ್ಪನಿಗೆ ತೋರಿಸಬೇಕು ಅಂದದ್ದನ್ನೆಲ್ಲ, ಚಿತ್ರ, ಬಿದ್ದ ಹಲ್ಲು, ಶಾಲೆಯ ಹಾಳೆ, ಹಾಕಿಡಲು ಒಂದು ಡಬ್ಬಿ ಕೊಡಿ. ರಜೆ ಸಿಕ್ಕ ದಿನ, ಆ ಮಾತು ಮರೆಯದೆ, ಅತ್ತೆ ಮಾವನಿಗಿಂತ ಮೊದಲು ಅವಳಿಗೇ ಹೇಳಿ.